ಗಾಡಿಯೋ, ಮನೆಯೋ?

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಹೆದ್ದಾರಿಗಳಲ್ಲಿ ಚಕ್ರಗಳ ಮೇಲೆ ಸಂಸಾರ ಹೂಡಿ ಸಂಚರಿಸುವವರ ಸಂಖ್ಯೆ ಅಲ್ಪವಲ್ಲ. ಹಾಸಿಗೆ, ಒಲೆ, ಸ್ನಾನದ ಮನೆ, ಶೀತಪೆಟ್ಟಿಗೆಗಳೆಲ್ಲವನ್ನೂ ಒಳಗೊಂಡ ಈ ಬಂಡಿಗಳಿಗೆ ಅಲ್ಲಿ ಆರ್‌ವಿ ಎಂದು ಹೆಸರು. 2021ನೆಯ ಇಸವಿಯೊಂದರಲ್ಲಿಯೇ, ಸ್ವಂತ ಎಂಜಿನ್ ಉಳ್ಳವೂ ಎಳೆಬಂಡಿಗಳೂ ಸೇರಿ, ಸುಮಾರು 6 ಲಕ್ಷ ಬಂಡಿಗಳು ಕಾರಖಾನೆಗಳಿಂದ ಅಂಗಡಿಗಳಿಗೆ ಹೊರಟವು. ಇಂಡಿಯಾನಾ ಸಂಸ್ಥಾನದ ಎಲ್ಕ್‌ಹಾರ್ಟ್ ಸೀಮೆಯು ಈ ಉದ್ಯಮದ ತವರು. ಮಾರುವವರು ಇದನ್ನು ಮನೆಯೆಂದು ಹೊಗಳಿಯೇ ಮಾರುತ್ತಾರೆ. ಆದರೆ ಅದು ದಾರಿಯಲ್ಲಿ ಕೆಟ್ಟು ನಿಂತ ದಿನ, ಇದು ಗಾಡಿಯೋ ಮನೆಯೋ ಎಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವವರು ದೊರೆಯುವುದಿಲ್ಲ. ಪ್ರಶ್ನೆಯು ದೂರದೇಶದ್ದಾದರೂ ಅದರಲ್ಲಡಗಿರುವ ನ್ಯಾಯವು ಎಲ್ಲ ದೇಶಗಳ ಕೊಳ್ಳುವವರಿಗೂ ಸಂಬಂಧಪಟ್ಟುದಾದುದರಿಂದ ಅದನ್ನು ವಾಚಕರ ಮುಂದಿಡಬಯಸುತ್ತೇವೆ.

ಇಂಥ ಪ್ರಯಾಣದ ಒಂದು ದಿನವನ್ನು ನೋಡೋಣ. ಬೆಳಿಗ್ಗೆ ಬಿಡಾರ ಕೀಳುವವನು ನೀರಿನ ಕೊಳವೆಯನ್ನೂ ವಿದ್ಯುತ್ತಿನ ತಂತಿಯನ್ನೂ ಕಳಚಬೇಕು. ಮಲಿನಜಲದ ತೊಟ್ಟಿಯನ್ನು ಬರಿದು ಮಾಡಬೇಕು. ನೆಲಕ್ಕೂರಿದ ಉಕ್ಕಿನ ಕಾಲುಗಳನ್ನು ಮೇಲೆತ್ತಬೇಕು. ತಂಗಿದಾಗ ಸ್ಥಳ ಹೆಚ್ಚಲೆಂದು ಹೊರಕ್ಕೆ ಚಾಚಿದ ಪಕ್ಕದ ಕೋಣೆಯನ್ನು ಒಳಕ್ಕೆಳೆದುಕೊಳ್ಳಬೇಕು. ಈ ಕೋಣೆಯನ್ನೆಳೆಯುವ ಸಣ್ಣ ಮೋಟಾರು ಮುಷ್ಕರ ಹೂಡಿತೆಂದರೆ, ಎಂಜಿನ್ ಎಷ್ಟು ಗಟ್ಟಿಯಾಗಿದ್ದರೂ ಬಂಡಿಯು ಹೊರಡುವಂತಿಲ್ಲ. ಕೋಣೆಯು ಸರಿಯಾಗಿದ್ದು ದಾರಿಯಲ್ಲಿ ಎಂಜಿನ್ ಕುದಿಯಿತೆಂದರೆ ಇನ್ನೊಂದು ಸಂಕಟ. ಹನ್ನೆರಡು ಹದಿಮೂರು ಅಡಿ ಎತ್ತರದ ದೊಡ್ಡ ಬಂಡಿಯು ಸಾಮಾನ್ಯ ಗ್ಯಾರೇಜಿನ ಬಾಗಿಲಲ್ಲಿ ಹಿಡಿಸದು. ಲಾರಿಗಳನ್ನು ದುರಸ್ತು ಮಾಡುವವರನ್ನು ಹುಡುಕಬೇಕು. ಅವರು ಎಂಜಿನ್ ಮುಟ್ಟುವರು, ಒಲೆ ಮುಟ್ಟರು. ಬಂಡಿ ಮಾರಿದ ಅಂಗಡಿಯವರು ಎಷ್ಟೋ ವೇಳೆ ಒಲೆ ಮುಟ್ಟುವರು, ಎಂಜಿನ್ ಮುಟ್ಟರು. ಪ್ರಯಾಣಿಕನಿಗೆ ಅತ್ತ ದರಿ, ಇತ್ತ ಪುಲಿ.

ಇದಕ್ಕೆ ಕಾರಣವು ಬಂಡಿಯ ಹುಟ್ಟಿನಲ್ಲಿಯೇ ಇದೆ. ಚಾಸಿಸ್ ಮತ್ತು ಎಂಜಿನ್ ಒಂದು ಕಂಪನಿಯವು; ಅದರ ಮೇಲೆ ಮನೆ ಕಟ್ಟುವವರು ಬೇರೆಯವರು; ಶೀತಪೆಟ್ಟಿಗೆ, ವಿದ್ಯುಜ್ಜನಕ, ನೀರು ಕಾಯಿಸುವ ಯಂತ್ರ ಇವುಗಳನ್ನು ಮಾಡಿದವರು ಮತ್ತೂ ಬೇರೆಯವರು. ಕೊಳ್ಳುವವನು ಹಣವನ್ನು ಒಂದು ಕೈಗೆ ಕೊಟ್ಟು, ಹೊಣೆಯನ್ನು ಹತ್ತು ಕೈಗಳಲ್ಲಿ ಹುಡುಕಬೇಕಾಗುತ್ತದೆ. ಕಾಯಿದೆಯೂ ಈ ಒಡಕನ್ನೇ ಅಂಗೀಕರಿಸಿರುವುದು ಶೋಚನೀಯವಾಗಿದೆ. ಪದೇ ಪದೇ ಕೆಡುವ ಹೊಸ ಮೋಟಾರು ವಾಹನಕ್ಕೆ ಬದಲು ವಾಹನವನ್ನೋ ಹಣವನ್ನೋ ಕೊಡಿಸುವ ಕ್ಯಾಲಿಫೋರ್ನಿಯಾದ ಕಾನೂನು, ಇಂಥ ಬಂಡಿಯ ಓಡುವ ಭಾಗವನ್ನು ಮಾತ್ರ ವಾಹನವೆಂದೆಣಿಸುತ್ತದೆ. ವಾಸದ ಭಾಗವನ್ನು ಅದರಿಂದ ಹೊರಗಿಟ್ಟು ಸಾಮಾನ್ಯ ಸರಕುಗಳ ನಿಯಮಕ್ಕೆ ಬಿಟ್ಟಿದೆ. ಮೇಲೆ ಹೇಳಿದ ಕೋಣೆಯ ಮೋಟಾರು ಕೆಟ್ಟು ಇಡೀ ಬಂಡಿಯೇ ನಿಂತಿರುವಾಗ, ಯಾವುದು ಓಡುವ ಭಾಗ, ಯಾವುದು ವಾಸದ ಭಾಗ ಎಂದು ನಾವು ಕೇಳುತ್ತೇವೆ.

ವಿನೋದಕ್ಕಾಗಿ ಹೊರಟವರಿಗೆ ಇದು ಕೆಟ್ಟುಹೋದ ರಜೆ. ಅದನ್ನೇ ಮನೆ ಮಾಡಿಕೊಂಡವರಿಗೆ ಇದು ಮನೆಯ ನಷ್ಟ. ಬಾಡಿಗೆ ತೆರಲಾರದೆ ಬಂಡಿಯಲ್ಲೇ ನೆಲೆಸಿ, ಋತುವಿಗೊಂದು ಕೂಲಿಯನ್ನರಸುತ್ತ ತಿರುಗುವ ವೃದ್ಧರ ಬಾಳನ್ನು ಜೆಸ್ಸಿಕಾ ಬ್ರೂಡರ್ ಅವರು 2017ರ ತಮ್ಮ 'ನೊಮ್ಯಾಡ್‌ಲ್ಯಾಂಡ್' ಗ್ರಂಥದಲ್ಲಿ ವರ್ಣಿಸಿದ್ದಾರೆ. ಅದನ್ನಾಧರಿಸಿದ 2020ರ ಚಲಚ್ಚಿತ್ರದಲ್ಲಿ, ದುರಸ್ತಿಯ ವೆಚ್ಚ ಕೇಳಿ ಕಂಗೆಟ್ಟ ನಾಯಿಕೆಗೆ ಆ ಬಂಡಿಯನ್ನು ಮಾರುವುದೇ ಲೇಸೆಂಬ ಸಲಹೆ ದೊರೆಯುತ್ತದೆ. ತಾನು ವಾಸಿಸುವುದೇ ಅದರಲ್ಲಿ ಎಂದು ಆಕೆ ಉತ್ತರ ಕೊಡಬೇಕಾಗುತ್ತದೆ. ದುರಸ್ತಿಗೆ ಬಿಟ್ಟ ಬಂಡಿಯು ಒಂದು ಬಿಡಿಭಾಗಕ್ಕಾಗಿ ವಾರಗಟ್ಟಲೆ ಅಂಗಳದಲ್ಲಿ ನಿಂತರೆ, ಅದರ ಒಡೆಯರು ಆ ರಾತ್ರಿಗಳನ್ನು ಎಲ್ಲಿ ಕಳೆಯಬೇಕು?

ಯಂತ್ರವು ಕೆಡುವುದು ಹೊಸತಲ್ಲ. 1918ರಲ್ಲಿ ಹೆನ್ರಿ ಫೋರ್ಡ್, ಎಡಿಸನ್, ಫೈರ್‌ಸ್ಟೋನ್, ಜಾನ್ ಬರೋಸ್ ಈ ನಾಲ್ವರು ಡೇರೆ ಕಟ್ಟಿಕೊಂಡು ಮೋಟಾರು ಪ್ರವಾಸ ಹೊರಟಿದ್ದಾಗ, ಪೆನ್ಸಿಲ್ವೇನಿಯಾದ ಕಾನೆಲ್ಸ್‌ವಿಲ್ ಎಂಬಲ್ಲಿ ಒಂದು ಮೋಟಾರಿನ ಬೀಸಣಿಗೆ ಮುರಿದು ರೇಡಿಯೇಟರನ್ನು ಸೀಳಿತು. ಫೋರ್ಡರು ತಾವೇ ಮುಂದಾಗಿ ಮುರಿದುದನ್ನು ಹೊಲಿಸಿ, ತೂತಿಗೆ ಬೆಸುಗೆ ಹಾಕಿಸಿ, ಗಾಡಿಯನ್ನು ದಾರಿಗೆ ಹಚ್ಚಿದರು. ಇಂದು ಅಂಥ ಕುಶಲಿಯೇ ಬಂದರೂ, ಯಂತ್ರದ ಗಣಕವು ಹೇಳುವ ದೋಷದ ಗುಟ್ಟನ್ನು ಓದುವ ಸಾಧನವಿಲ್ಲದಿದ್ದರೆ ಕೈಕಟ್ಟಿ ನಿಲ್ಲಬೇಕು. ಯಂತ್ರವು ಜಟಿಲವಾದುದು ತಪ್ಪಲ್ಲ. ಅದರ ಜ್ಞಾನಕ್ಕೆ ಬೀಗ ಹಾಕಿದುದು ತಪ್ಪು.

ಈ ಬೀಗವನ್ನು ತೆಗೆಯುವ ಯತ್ನಗಳು ಅಲ್ಲಿ ನಡೆಯದೆ ಇಲ್ಲ. ಖಾತರಿಯನ್ನು ನೆಪ ಮಾಡಿ ತಮ್ಮದೇ ಬಿಡಿಭಾಗವನ್ನೋ ತಮ್ಮದೇ ದುರಸ್ತಿಯನ್ನೋ ಹಣ ತೆತ್ತು ಕೊಳ್ಳಿರೆಂದು ಕಂಪನಿಗಳು ಬಲವಂತಪಡಿಸುವುದನ್ನು 1975ರ ಕೇಂದ್ರ ಕಾಯಿದೆಯು ಸಾಮಾನ್ಯವಾಗಿ ನಿಷೇಧಿಸಿದೆ. ಮೋಟಾರು ದುರಸ್ತಿಯ ಮಾಹಿತಿಯು ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕೆಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಮತದಾರರು 2012ರಲ್ಲಿ ಭಾರಿ ಬಹುಮತದಿಂದ ತೀರ್ಮಾನಿಸಿದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ಹೊಣೆಗಾರರೇ ಹತ್ತು ಮಂದಿಯಾದ ಕಡೆ ಒಳ್ಳೆಯ ಕಾಯಿದೆಯೂ ಕುಂಟುತ್ತದೆ.

ಪರರು ಮಾಡಿದ ಶೀತಪೆಟ್ಟಿಗೆಗೆ ತಾವೇಕೆ ಉತ್ತರ ಹೇಳಬೇಕೆಂದು ಬಂಡಿ ಕಟ್ಟುವವರು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಪೆಟ್ಟಿಗೆಯನ್ನು ಆರಿಸಿದವರು ಅವರು, ಕೂಡಿಸಿದವರು ಅವರು, ಲಾಭ ಪಡೆದವರೂ ಅವರು. ಕೊಂಡವನಿಗೆ ಮೊದಲು ತಾವು ಪರಿಹಾರ ಕೊಟ್ಟು, ಅನಂತರ ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳಲು ಅವರಿಗೆ ಅಡ್ಡಿಯೇನು? ಹತ್ತು ಬಾಗಿಲು ತಟ್ಟುವ ಶಕ್ತಿಯು ಕಂಪನಿಗಿದೆ. ದಾರಿಯ ಬದಿಯಲ್ಲಿ ಕುಳಿತ ವೃದ್ಧ ದಂಪತಿಗಳಿಗಿಲ್ಲ.

ನಮ್ಮ ಕೇಂದ್ರ ಸರಕಾರವೂ 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಮೋಟಾರು ವಾಹನಗಳನ್ನೂ ಬೇಸಾಯದ ಯಂತ್ರಗಳನ್ನೂ ಆ ವಿಚಾರದಲ್ಲಿ ಸೇರಿಸಿತು. ಅಂಥ ವಿಚಾರ ನಡೆಸುವವರು ಈ ಚಕ್ರದ ಮನೆಗಳ ಪಾಠವನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಇಡಿಯಾಗಿ ಮಾರಿದ ವಸ್ತುವಿಗೆ ಹೊಣೆಯೂ ಇಡಿಯಾಗಿರಬೇಕು. ದುರಸ್ತಿಯ ವಿದ್ಯೆಯು ಕೈಬಲ್ಲವರೆಲ್ಲರಿಗೂ ತೆರೆದಿರಬೇಕು. ಮನೆಯೆಂದು ಮಾರಿದುದನ್ನು ದುರಸ್ತಿಗೆಂದು ಹಿಡಿದಿಟ್ಟುಕೊಂಡವರು, ತಮ್ಮ ಖಾತರಿಯ ಅವಧಿಯಲ್ಲಾದರೂ, ಅದರ ನಿವಾಸಿಗಳಿಗೆ ತಂಗಲು ಸ್ಥಳ ಕೊಡಬೇಕು. ಗಾಡಿಯೋ ಮನೆಯೋ ಎಂಬ ವಾದವನ್ನು ಪಂಡಿತರು ಸಾವಕಾಶವಾಗಿ ನಡೆಸಲಿ. ಆ ರಾತ್ರಿ ಒಳಗೆ ಮಲಗಬೇಕಾದವರ ಪಾಲಿಗೆ ಅದು ಮನೆಯೇ ಎಂಬುದನ್ನು ಕಾಯಿದೆಯು ಮೊದಲು ಒಪ್ಪಿಕೊಳ್ಳಲಿ.