ಸೂಜಿಯ ರೋಗಕ್ಕೆ ಮದ್ದಿದೆ, ಮುಚ್ಚಿಡಬೇಡಿ

ಮೊನ್ನೆ ಸಂತೆಯಲ್ಲಿ ಪರಿಚಯದ ಕಾಳು ವ್ಯಾಪಾರಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಹೆಪಟೈಟಿಸ್ ಸಿ ಅಂದ್ರೆ ಕಾಮಾಲೆ ತಾನೆ ಸ್ವಾಮಿ? ಬರೆ ಹಾಕಿಸಿದ್ರೆ ಹೋಗುತ್ತಾ?’ ಎಂದು ಕೇಳಿದರು. ರೋಗಿ ಯಾರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ರಕ್ತದಿಂದ ರಕ್ತಕ್ಕೆ ಹೋಗುವ ರೋಗ. ಒಂದೇ ಸಿರಿಂಜಿನಲ್ಲಿ ನಾಲ್ಕು ಜನ ಮಾದಕ ದ್ರವ್ಯ ಚುಚ್ಚಿಕೊಂಡರೆ ಸುಲಭವಾಗಿ ಹರಡುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗದೆ ಒಳಗೊಳಗೇ ಲಿವರ್ ಕೆಡುತ್ತದೆ. ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ಬರೆಗೂ ನಾಟಿ ಔಷಧಿಗೂ ಬಗ್ಗುವಂಥದ್ದಲ್ಲ. ಲಸಿಕೆಯೂ ಇಲ್ಲ.

ಆದರೆ ಮದ್ದಿದೆ. 2013ರಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂದಾಗ ಒಂದು ಮಾತ್ರೆಗೆ 1000 ಡಾಲರ್! 2015ರಿಂದ ನಮ್ಮ ಕಂಪನಿಗಳೇ ತಯಾರಿಸಿ ಮಾರಿದವು, ಬೆಲೆ ಇಳಿಯಿತು. ಪಂಜಾಬ್ ಸರ್ಕಾರ 2016ರಲ್ಲಿ ಉಚಿತವಾಗಿ ಕೊಡತೊಡಗಿತು. 2018ರ ಜುಲೈ 28ರಂದು ಇಡೀ ದೇಶಕ್ಕೇ ರಾಷ್ಟ್ರೀಯ ಕಾರ್ಯಕ್ರಮ ಬಂತು. ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 90ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ.

ಮತ್ತೆ ತೊಡಕೆಲ್ಲಿ? ನಾಚಿಕೆಯಲ್ಲಿ. ಮಣಿಪುರವನ್ನು ನೋಡಿ. ಅದೂ ಗಡಿನಾಡೇ. 1980ರ ದಶಕದಲ್ಲಿ ಬರ್ಮಾ ಕಡೆಯಿಂದ ಬಂದ ಹೆರಾಯಿನ್ ಅಲ್ಲಿನ ಹುಡುಗರ ನರಕ್ಕೆ ಸೇರಿತು. ಸೂಜಿಯ ಜೊತೆ ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ಬಂದವು. ಬೈಸಿಕೊಳ್ಳುವ ಭಯ, ಪೊಲೀಸರ ಭಯ ಇದ್ದವನು ಆಸ್ಪತ್ರೆ ಮೆಟ್ಟಿಲು ಹತ್ತುವುದಾದರೂ ಹೇಗೆ?

‘ಮೊದಲು ಚಟ ಬಿಡಲಿ, ಆಮೇಲೆ ಮದ್ದು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚುಚ್ಚಿಕೊಳ್ಳುತ್ತಿರುವವರಿಗೂ ಚಿಕಿತ್ಸೆ ಕೊಡಬೇಕೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬ ಗುಣವಾದರೆ ಅವನಿಂದ ಇನ್ನೊಬ್ಬನಿಗೆ ಹೋಗುವುದು ನಿಲ್ಲುತ್ತದೆ. ಆದರೆ ಗುಣವಾದ ಮೇಲೂ ಸೂಜಿ ಹಂಚಿಕೊಂಡರೆ ರೋಗ ಮತ್ತೆ ಬರುತ್ತದೆ. ಅದಕ್ಕೇ ಮಾತ್ರೆಯ ಜೊತೆ ಸ್ವಚ್ಛ ಸೂಜಿಯೂ ಬೇಕು, ಚಟ ಬಿಡಿಸುವ ಔಷಧಿಯೂ ಬೇಕು.

ಪರೀಕ್ಷೆ ಎರಡು ಹಂತದ್ದು. ಮೊದಲನೆಯದು ರೋಗಾಣು ಎಂದಾದರೂ ಒಳಹೊಕ್ಕಿತ್ತೇ ಎಂದಷ್ಟೇ ಹೇಳುತ್ತದೆ. ಈಗಲೂ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು. ಅರ್ಧಕ್ಕೆ ಬಿಡಬಾರದು.

ಕಾರ್ಯಕ್ರಮ ಇಡೀ ದೇಶದ್ದು. ಕಾಸರಗೋಡಿನಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿನ ಚೀಟಿ ಮಲಯಾಳದಲ್ಲೋ ಮರಾಠಿಯಲ್ಲೋ ಇದ್ದೀತು. ಎರಡು ಭಾಷೆ ಬಲ್ಲ ನಾವು ಅಂಥ ಹುಡುಗನ ಜೊತೆಗೆ ಒಂದು ದಿನ ಹೋಗಿಬಂದರೆ ನಮ್ಮ ಗಂಟೇನು ಹೋದೀತು?