ಕಡ್ಡಿ ಮೂರಿದೆ, ಫೋಟೊ ಹೋಗ್ತಿಲ್ಲ

“ಮೂರು ಕಡ್ಡಿ ಸಿಗ್ನಲ್ ಇದೆಯಲ್ಲಮ್ಮಾ, ಫೋಟೊ ಯಾಕೆ ಹೋಗಲ್ಲ?” ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ಕಾಯಕ ಬಂಧುಗಳು ಕೇಳಿ ಕೇಳಿ ಸಾಕಾದ ಮಾತಿದು. 2023ರ ಜನವರಿ 1ರಿಂದ ಹಾಜರಿಗೆ ಮೊಬೈಲ್ ಆ್ಯಪ್ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೊ. ಅದು ಹೋಗದಿದ್ದರೆ ಹೂಳೆತ್ತಿದ ಮೈಕೈ ನೋವಷ್ಟೇ ಉಳಿಯುತ್ತದೆ, ಕೂಲಿಗಾಗಿ ಪಂಚಾಯಿತಿಗೆ ಅಲೆಯಬೇಕಾಗುತ್ತದೆ. ಪ್ರಶ್ನೆ ಕೇಳಿದವರ ಮುಂದೆ ಆಕೆ ತಪ್ಪಿತಸ್ಥೆಯಂತೆ ನಿಲ್ಲುತ್ತಾಳೆ. ತಪ್ಪು ಆಕೆಯದಲ್ಲ, ಕಡ್ಡಿಯನ್ನು ನಂಬಿದವರದು ಎಂಬುದು ನಮ್ಮ ವಾದ.

ಮೊಬೈಲು ಟವರಿನ ಜೊತೆ ಮಾತಾಡುವ ಮುಂಚೆ ತಾಳ ಹೊಂದಿಸಿಕೊಳ್ಳಬೇಕು. ಭಜನೆಗೆ ತಡವಾಗಿ ಬಂದವರು ಬಂದ ಕೂಡಲೇ ಬಾಯಿ ಹಾಕುವುದಿಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ತಾಳ ಸಿಕ್ಕ ಮೇಲೆ ದನಿ ಸೇರಿಸುತ್ತಾರೆ. 4ಜಿ ಟವರು ಸೆಕೆಂಡಿಗೆ 200 ಸಲ ತನ್ನದೊಂದು ಗುರುತಿನ ಸಂಕೇತ ಕಳಿಸುತ್ತಲೇ ಇರುತ್ತದೆ. ಮೊಬೈಲು ಆ ಸಂಕೇತವನ್ನು ಗದ್ದಲದ ನಡುವೆ ಹುಡುಕಿ ತೆಗೆದು, ತನ್ನ ಗಡಿಯಾರವನ್ನೂ ಅಲೆಯ ಲೆಕ್ಕವನ್ನೂ ಅದಕ್ಕೆ ಸರಿಮಾಡಿಕೊಳ್ಳುತ್ತದೆ. ನಾವು ಏರೋಪ್ಲೇನ್ ಮೋಡ್ ಹಾಕಿ ತೆಗೆದಾಗ ಈ ಹುಡುಕಾಟ ಮೊದಲಿನಿಂದ ಶುರುವಾಗುತ್ತದೆ. (ಆ ಅಭ್ಯಾಸ ಬರೀ ಮೂಢನಂಬಿಕೆಯಲ್ಲ.)

ಪರದೆ ಮೇಲಿನ ಕಡ್ಡಿ ಹೇಳುವುದು ಇಷ್ಟೇ: ಟವರಿನ ದನಿ ಮೊಬೈಲಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂದು. ಎಷ್ಟು ಜೋರಿದ್ದರೆ ಎಷ್ಟು ಕಡ್ಡಿ ಎಂಬುದಕ್ಕೂ ಎಲ್ಲರಿಗೂ ಒಂದೇ ಅಳತೆಯಿಲ್ಲ. ಮೊಬೈಲ್ ತಯಾರಿಸಿದ ಕಂಪನಿ ಇಟ್ಟದ್ದೇ ಲೆಕ್ಕ.

ಆದರೆ ಫೋಟೊ ಹೋಗಬೇಕಾದದ್ದು ಇಲ್ಲಿಂದ ಅಲ್ಲಿಗೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ? ಬಟ್ಟೆ ಕಲ್ಲಿಗೆ ಬಿದ್ದ ಮೇಲೆ ಸದ್ದು ಕೊಂಚ ತಡವಾಗಿ ನಮಗೆ ಮುಟ್ಟುತ್ತದೆ. ರೇಡಿಯೊ ಅಲೆಗೂ ಹಾಗೆಯೇ. ಬೆಳಕಿನ ವೇಗದಲ್ಲಿ ಓಡಿದರೂ ಪ್ರತಿ ಕಿಲೋಮೀಟರಿಗೆ 3 ಮೈಕ್ರೋಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಟವರಿಗೆ ಇಷ್ಟು ತಡವೂ ತಡವೇ, ಒಬ್ಬರ ಸರದಿ ಇನ್ನೊಬ್ಬರದರ ಮೇಲೆ ಬೀಳುತ್ತದೆ. ಅದಕ್ಕೇ ದೂರದ ಮೊಬೈಲು ಚೂರು ಮೊದಲೇ ಕಳಿಸಬೇಕು. ಎಷ್ಟು ಮೊದಲು ಎಂದು ಹೇಳಿಕೊಡುವುದು ಟವರು. 2ಜಿಯಲ್ಲಿ ಈ ಹೊಂದಾಣಿಕೆ ಸುಮಾರು 550 ಮೀಟರಿಗೆ ಒಂದು ಹೆಜ್ಜೆಯಂತೆ 63 ಹೆಜ್ಜೆಗೆ ಮುಗಿಯುತ್ತದೆ. ಹಾಗಾಗಿ ಸಾಮಾನ್ಯ 2ಜಿ ಟವರಿನಿಂದ 35 ಕಿಲೋಮೀಟರ್ ಆಚೆ ಸಿಗ್ನಲ್ ಕೇಳಿಸಿದರೂ ಕರೆ ಹೋಗದು. 4ಜಿಯಲ್ಲಿ ಒಂದು ಹೆಜ್ಜೆ 78 ಮೀಟರ್, ಅಷ್ಟು ನಾಜೂಕು.

ಇದನ್ನು ಹೇಳಿಕೊಡಬೇಕಾದರೆ ಟವರಿಗೆ ಮೊದಲು ಮೊಬೈಲಿನ ದನಿ ಕೇಳಬೇಕಲ್ಲ! ಟವರು ಎತ್ತರದಲ್ಲಿ ನಿಂತು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 4ಜಿ ಮೊಬೈಲಿಗೆ ಇರುವುದು ಹೆಚ್ಚೆಂದರೆ 0.2 ವ್ಯಾಟ್. ಅದು ಬಾಗಿಲು ತಟ್ಟುತ್ತದೆ, ಉತ್ತರ ಬಾರದಿದ್ದರೆ ಇನ್ನೂ ಜೋರಾಗಿ ತಟ್ಟುತ್ತದೆ, ಕೊನೆಗೆ ಸೋತು ಸುಮ್ಮನಾಗುತ್ತದೆ. ಗುಡ್ಡದ ಮರೆಯಲ್ಲಿ ಬ್ಯಾಟರಿ ಬೇಗ ಇಳಿಯುವುದು ಸುಮ್ಮನೆ ಅಲ್ಲ. ಅಷ್ಟು ಹೊತ್ತೂ ಪರದೆ ಮೇಲೆ ಮೂರು ಕಡ್ಡಿ ನಿಂತೇ ಇರಬಹುದು.

ಪ್ರತಿ ಸಲವೂ ಕಾರಣ ಇದೇ ಎಂದು ನಾವು ಹೇಳುತ್ತಿಲ್ಲ. ಒಂದೇ ಟವರಿಗೆ ಹತ್ತು ಹಳ್ಳಿ ಜೋತುಬಿದ್ದಿರಬಹುದು, ರೇಷನ್ ಅಂಗಡಿಯಲ್ಲಿ ದಿನಾ ಕೇಳುವ ಹಾಗೆ ‘ಸರ್ವರ್’ ಕೈಕೊಟ್ಟಿರಬಹುದು. ಯಾವುದಾದರೂ ಕೂಲಿಕಾರರ ತಪ್ಪಂತೂ ಅಲ್ಲ.

ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ಒಳ್ಳೆಯದೇ. ಆದರೆ ಸಿಗ್ನಲ್ ಸಿಗುತ್ತದೆ ಎನ್ನುವ ನಕ್ಷೆ ಫೋಟೊ ಹೋಗುತ್ತದೆ ಎನ್ನುವ ಭರವಸೆಯಲ್ಲ. ಕಳಿಸುವುದನ್ನೂ ಕೇಳುವುದನ್ನೂ ಒಂದೇ ಅಲೆಯಲ್ಲಿ ಸರದಿ ಪ್ರಕಾರ ಮಾಡುವ ಟವರುಗಳು ತಮ್ಮ ತಮ್ಮೊಳಗೆ ಕೆಲವೇ ಮೈಕ್ರೋಸೆಕೆಂಡಿಗಿಂತ ಹೆಚ್ಚು ತಪ್ಪದಂತೆ ಉಪಗ್ರಹದ ಗಡಿಯಾರ ನೋಡಿಕೊಂಡು ನಡೆಯುತ್ತವೆ. ತಮ್ಮ ತಾಳಕ್ಕೆ ಇಷ್ಟು ಜೋಪಾನ ಮಾಡುವ ವ್ಯವಸ್ಥೆ, ಕೆರೆ ಅಂಗಳದಿಂದ ಒಂದು ಫೋಟೊ ಮೇಲೇರುತ್ತದೋ ಇಲ್ಲವೋ ಎಂದು ನೋಡಬಾರದೆ?

ನಾವು ಕೇಳುವುದು ದೊಡ್ಡದೇನಲ್ಲ. ಕೆಲಸ ಶುರುವಾಗುವ ಮೊದಲು ಅದೇ ಜಾಗದಲ್ಲಿ ನಿಂತು, ಅಲ್ಲಿನವರ ಕೈಯಲ್ಲಿರುವಂಥ ಕಡಿಮೆ ಬೆಲೆಯ ಮೊಬೈಲಿನಿಂದಲೇ ಪಂಚಾಯಿತಿಯವರು ಫೋಟೊ ಕಳಿಸಿ ನೋಡಲಿ. ಹೋಯಿತೋ ಇಲ್ಲವೋ ಎಂದು ಕಡತದಲ್ಲಿ ಬರೆಯಲಿ. ಹೋಗದ ಕಡೆ ಕಾಗದದ ಎನ್‌ಎಂಆರ್ ಹಾಜರಿಗೇ ಅವತ್ತಿನ ಕೂಲಿ ಬೀಳಲಿ. ಮೂರು ಕಡ್ಡಿ ಇದೆಯಲ್ಲಮ್ಮಾ ಎನ್ನುವ ಸಾಹೇಬರು ಮುಂದಿನ ಸಲ ಬಂದಾಗ, ಮೊಬೈಲನ್ನು ಆಕೆಯ ಕೈಯಿಂದ ಇಸಿದುಕೊಂಡು ತಾವೇ ಒಮ್ಮೆ ಕಳಿಸಲಿ. ನಾವು ಪಕ್ಕದಲ್ಲೇ ನಿಂತಿರುತ್ತೇವೆ.