ಹಳೆಯ ಗಣಕಯಂತ್ರಕ್ಕೆ ದೊಡ್ಡ ಡಿಸ್ಕು: ನಮ್ಮ ಅಭಿಪ್ರಾಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದರೆ ಲಿಂಬೆ, ದ್ರಾಕ್ಷಿ, ತೊಗರಿ, ಜೋಳಗಳ ಸೀಮೆ. ಕಾಫಿ, ಅಡಿಕೆಗಳ ಮಾತು ಅಲ್ಲಿಲ್ಲ. ಆದರೂ ಆ ಕಡೆಯ ಒಂದು ಸಹಕಾರ ಸಂಘದಲ್ಲಿ ನಾವು ಕಂಡ ಸಂಗತಿಯನ್ನು ಬೆಳೆಗಾರ ಬಾಂಧವರ ಮುಂದಿಡುವುದು ಅಗತ್ಯವೆನಿಸಿದೆ. ಬೆಳೆ ಬೇರೆಯಾದರೂ ಸಂಘದ ಲೆಕ್ಕದ ಚಿಂತೆ ಎಲ್ಲರಿಗೂ ಒಂದೇ.

ಆ ಸಂಘದ ಗಣಕಯಂತ್ರ 2002ರಲ್ಲಿ ಕೊಂಡದ್ದು. ಅದರ 40 ಜಿಬಿ ಹಾರ್ಡ್ ಡಿಸ್ಕ್ ತುಂಬಿ, ಹೊಸ ಲೆಕ್ಕ ಬರೆಯಲು ಜಾಗವೇ ಇರಲಿಲ್ಲ. ಯಂತ್ರವನ್ನು ಗುಜರಿಗೆ ಹಾಕೋಣವೆಂದು ಕೆಲ ನಿರ್ದೇಶಕರು ಹೇಳಿದರೂ, ಕಾರ್ಯದರ್ಶಿಗಳು 250 ಜಿಬಿಯ ಡಿಸ್ಕ್ ತರಿಸಿ ಜೋಡಿಸಿದರು. ಯಂತ್ರ ಗುರುತಿಸಿದ್ದು 137 ಜಿಬಿ ಮಾತ್ರ! ಅಂಗಡಿಯವನು ಮೋಸ ಮಾಡಿದನೆಂದು ಗುಲ್ಲೆದ್ದಿತು.

ಮೋಸವೇನೂ ಇರಲಿಲ್ಲ. ಡಿಸ್ಕಿನ ಜಾಗವನ್ನು 512 ಬೈಟುಗಳ ತುಂಡುಗಳಾಗಿ ಮಾಡಿ, ಹೊಲಗಳಿಗೆ ಸರ್ವೆ ನಂಬರು ಕೊಟ್ಟಂತೆ ಒಂದೊಂದಕ್ಕೂ ನಂಬರು ಕೊಟ್ಟಿರುತ್ತಾರೆ. ಹಳೆಯ ಯಂತ್ರಗಳು ಈ ನಂಬರನ್ನು 28 ಬಿಟ್‌ಗಳಲ್ಲಿ ಬರೆಯುತ್ತಿದ್ದವು. ಅಷ್ಟರಲ್ಲಿ ಸುಮಾರು 26.8 ಕೋಟಿ ತುಂಡುಗಳನ್ನಷ್ಟೇ ಎಣಿಸಬಹುದು; ಅದೇ 137 ಜಿಬಿ. ಮುಂದೆ 48 ಬಿಟ್‌ಗಳ ಕ್ರಮ ಬಂದು ಈ ಎಲ್ಲೆ ದೂರ ಸರಿಯಿತು. ಯಂತ್ರದ ಬಯೋಸ್ ಮತ್ತು ವಿಂಡೋಸ್ ಎರಡನ್ನೂ ಪರಿಷ್ಕರಿಸಿದ ಮೇಲೆ ಅಲ್ಲಿಯೂ ಪೂರ್ತಿ ಜಾಗ ದೊರೆಯಿತು. ಆದ್ದರಿಂದ ಡಿಸ್ಕ್ ಕೊಳ್ಳುವ ಮೊದಲೇ ಯಂತ್ರ ಎಷ್ಟರವರೆಗೆ ಎಣಿಸಬಲ್ಲದು, ಒಳಗಿನ ಕೇಬಲ್ ಅಗಲ ಪಟ್ಟಿಯ ಐಡಿಇಯೋ ಕಿರಿದಾದ ಸಾಟಾವೋ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ನಾವು ಹೇಳಬೇಕಾದ ಮುಖ್ಯ ಮಾತು ಬೇರೆಯೇ ಇದೆ. ದುರಸ್ತಿಗೆ ಬಂದಾತ ಹಳೆಯ ಡಿಸ್ಕನ್ನು ತಾನೇ ಒಯ್ಯುವೆನೆಂದ. ಕಾರ್ಯದರ್ಶಿಗಳು ಕೊಡದೆ ತಿಜೋರಿಯಲ್ಲಿಟ್ಟರು. ಎರಡು ತಿಂಗಳ ಬಳಿಕ, ಸಾಲ ತೀರಿಸಿದ ರಸೀದಿ ಕಳೆದುಕೊಂಡ ರೈತರೊಬ್ಬರು ಬಂದರು. ಹೊಸ ಡಿಸ್ಕಿನಲ್ಲಿ ಅವರ ಹೆಸರಿನ ಮುಂದೆ ಬಾಕಿ ನಿಂತಿತ್ತು. ನಕಲು ಮಾಡುವಾಗ ಒಂದು ವರ್ಷದ ಜಮೆ ಲೆಕ್ಕ ಬಿಟ್ಟುಹೋಗಿತ್ತು. ಹಳೆಯ ಡಿಸ್ಕನ್ನು ಜೋಡಿಸಿ ನೋಡಿದಾಗ ಅವರು ಕಟ್ಟಿದ ಕೊನೆಯ ಕಂತೂ ಸಿಕ್ಕಿತು. ಅದು ಗುಜರಿ ಸೇರಿದ್ದರೆ ತೀರಿದ ಸಾಲವನ್ನು ಆ ರೈತ ಮತ್ತೆ ಕಟ್ಟಬೇಕಾಗುತ್ತಿತ್ತು.

2018ರ ಬೆಳೆ ಸಾಲ ಮನ್ನಾ ಯೋಜನೆಯಲ್ಲಿ ಒಬ್ಬೊಬ್ಬ ಸಾಲಗಾರನ ವಿವರವನ್ನೂ ಗಣಕಕ್ಕೆ ತುಂಬಬೇಕಾದಾಗ ಲೆಕ್ಕದ ಬೆಲೆ ಎಷ್ಟೆಂಬುದು ನಮಗೆಲ್ಲ ಮನವರಿಕೆಯಾಗಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿರುವಾಗ ಹಳೆಯ ಡಿಸ್ಕಿನ ಚಿಂತೆ ಏಕೆ ಎಂದು ಕೆಲವರು ಕೇಳುತ್ತಾರೆ. ಹೊಸ ವ್ಯವಸ್ಥೆಗೆ ತುಂಬುವ ಹಿಂದಿನ ಲೆಕ್ಕ ಬರಬೇಕಾದದ್ದು ಹಳೆಯ ಪುಸ್ತಕ ಮತ್ತು ಹಳೆಯ ಡಿಸ್ಕಿನಿಂದಲೇ ಅಲ್ಲವೇ?

ಮುದಿಯಾದ ಅಡಿಕೆ ತೋಟವನ್ನು ನಾವು ಒಮ್ಮೆಲೇ ಕಡಿಯುವುದಿಲ್ಲ. ನಡುವೆ ಸಸಿ ನೆಟ್ಟು, ಅವು ಫಲಕ್ಕೆ ಬಂದ ಮೇಲೆ ಹಳೆಯ ಮರ ತೆಗೆಯುತ್ತೇವೆ. ಡಿಸ್ಕಿನ ವಿಷಯದಲ್ಲೂ ಇದೇ ವಿವೇಕ ಬೇಕು. ಮೊದಲು ಲೆಕ್ಕವನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಬಳಿಕವೇ ಯಂತ್ರವನ್ನು ಬಿಚ್ಚಬೇಕು. ಖಾತೆವಾರು ಬಾಕಿಗಳನ್ನು ಹಳೆಯದರೊಡನೆ ತಾಳೆ ನೋಡಬೇಕು. ಮುಂದಿನ ಲೆಕ್ಕಪರಿಶೋಧನೆ ಮುಗಿಯುವ ತನಕ ಹಳೆಯ ಡಿಸ್ಕ್ ಸಂಘದ ಬೀಗದಲ್ಲಿರಲಿ. ಅನಂತರವೂ ಅದನ್ನು ಹಾಗೆಯೇ ಮಾರಕೂಡದು. ಸದಸ್ಯರ ಆಧಾರ್ ಮತ್ತು ಖಾತೆ ಸಂಖ್ಯೆಗಳು ಅದರಲ್ಲಿರುತ್ತವೆ. ಪೂರ್ತಿ ಅಳಿಸಿ ಇಲ್ಲವೇ ಒಡೆದು ಹಾಕಬೇಕು. ಇನ್ನು ವಿಂಡೋಸ್ ಎಕ್ಸ್‌ಪಿಗೆ ರಕ್ಷಣಾ ಪರಿಷ್ಕರಣೆ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಅಂಥ ಯಂತ್ರವನ್ನು ಹಳೆಯ ಲೆಕ್ಕ ನೋಡಲು ಇಟ್ಟುಕೊಳ್ಳಬಹುದು. ಅಂತರಜಾಲಕ್ಕೆ ಮಾತ್ರ ಜೋಡಿಸಬಾರದು.

ದೊಡ್ಡ ಡಿಸ್ಕಿಗಿಂತ ಸರಿಯಾದ ನಕಲು ದೊಡ್ಡದು ಎಂಬುದು ನಮ್ಮ ಖಚಿತ ಅಭಿಪ್ರಾಯ. ನಮ್ಮ ಸಂಘದ ಲೆಕ್ಕದ ನಕಲು ಎಲ್ಲಿದೆ, ಕೊನೆಯ ಬಾರಿ ತೆಗೆದದ್ದು ಎಂದು ಎಂಬ ಪ್ರಶ್ನೆಯನ್ನು ಸದಸ್ಯ ಬಾಂಧವರು ಮುಂದಿನ ಮಹಾಸಭೆಯಲ್ಲಿ ತಪ್ಪದೆ ಕೇಳಬೇಕೆಂದು ವಿನಂತಿಸುತ್ತೇವೆ.